ತರಗತಿಯಲ್ಲಿ ಓದಿದ ಕಾದಂಬರಿ, ನಾಟಕಗಳಿಗೆ ವಿಮರ್ಶೆ ಬರೆಯುವ ಬಗೆ

ಹೈಸ್ಕೂಲಿನ ಇಂಗ್ಲಿಷ್ ತರಗತಿಯಲ್ಲಿ ಒಂದು ಕಾದಂಬರಿ ಮುಗಿಯುವ ಹೊತ್ತಿಗೆ ಅದರ ಬಗ್ಗೆ ಹೇಳಬೇಕಾದ್ದನ್ನೆಲ್ಲ ಯಾರೋ ಹೇಳಿ ಮುಗಿಸಿರುತ್ತಾರೆ. ವಸ್ತು ಯಾವುದು, ಸಂಕೇತ ಯಾವುದು, ನಾಯಕನ ಗುಣದೋಷಗಳೇನು ಎಂಬುದೆಲ್ಲ ನೋಟ್ಸಿನಲ್ಲಿ ಸಿದ್ಧವಾಗಿರುತ್ತದೆ. ಪರೀಕ್ಷೆಗೆ ಅದು ಸಾಕು. ವಿಮರ್ಶೆ ಬರೆಯಲು ಕೂತಾಗ ಅದೇ ನೋಟ್ಸು ಕೈ ಕಟ್ಟಿಹಾಕುತ್ತದೆ. ಹೀಗಾಗಿ ವಿದ್ಯಾರ್ಥಿಗಳು ಬರೆಯುವ ವಿಮರ್ಶೆಗಳಲ್ಲಿ ಹೆಚ್ಚಿನವು ಮುಕ್ಕಾಲು ಪಾಲು ಕಥೆ ಹೇಳಿ, ಉಳಿದ ಕಾಲು ಭಾಗದಲ್ಲಿ ‘ಎಲ್ಲರೂ ಓದಲೇಬೇಕಾದ ಕೃತಿ’ ಎಂದು ಮುಗಿದುಬಿಡುತ್ತವೆ. ಓದಿದವರಿಗೆ ಕಥೆ ತಿಳಿಯುತ್ತದೆ. ಬರೆದವರು ಅದರಲ್ಲಿ ಏನು ಕಂಡರು ಎಂಬುದು ತಿಳಿಯುವುದಿಲ್ಲ.

ಲೇಖಕರು ಎಲ್ಲೋ ಒಂದು ಕಡೆ ಒಂದು ಆಯ್ಕೆ ಮಾಡಿರುತ್ತಾರೆ. ಇದನ್ನು ಹೇಳಿ ಅದನ್ನು ಬಿಟ್ಟಿರುತ್ತಾರೆ, ಇವನ ಬಾಯಲ್ಲಿ ಹೇಳಿಸಿ ಅವನನ್ನು ಸುಮ್ಮನಿರಿಸಿರುತ್ತಾರೆ. ಆ ಆಯ್ಕೆ ನಿಮ್ಮ ಮೇಲೆ ಏನೋ ಪರಿಣಾಮ ಮಾಡಿರುತ್ತದೆ. ಅದು ಯಾವ ಪುಟದಲ್ಲಿ, ಹೇಗೆ ಆಯಿತು ಎಂದು ತೋರಿಸಿಕೊಟ್ಟರೆ ನಿಮ್ಮ ವಿಮರ್ಶೆ ನಿಮ್ಮದಾಗುತ್ತದೆ. ಮುಂದೆ ಹೇಳುವ ಹಂತಗಳೆಲ್ಲ ಅದಕ್ಕಾಗಿಯೇ.

ಮೊದಲು ನೋಟ್ಸು ಮುಚ್ಚಿಡಿ

ಪುಸ್ತಕ ಮುಗಿದ ದಿನವೇ ಒಂದು ಪುಟ ಬರೆದಿಡಿ. ವ್ಯಾಕರಣ, ಒಪ್ಪ ಓರಣ ಯಾವುದೂ ಬೇಡ. ಎಲ್ಲಿ ಬೇಸರವಾಯಿತು, ಎಲ್ಲಿ ಪುಟ ಮಡಿಸಿ ಸುಮ್ಮನೆ ಕೂತಿರಿ, ಯಾವ ಪಾತ್ರದ ಮೇಲೆ ಸಿಟ್ಟು ಬಂತು, ಯಾವ ದೃಶ್ಯ ಅರ್ಥವಾಗಲಿಲ್ಲ ಎಂಬುದಷ್ಟೇ ಸಾಕು. ‘ಬೇಸರವಾಯಿತು’ ಎನ್ನಲು ಸಂಕೋಚ ಪಡಬೇಡಿ. ಬೇಸರವಾದ ಜಾಗಕ್ಕೆ ಮರಳಿ ಹೋಗಿ ನೋಡಿದರೆ ಎರಡರಲ್ಲಿ ಒಂದು ಸಿಗುತ್ತದೆ: ಲೇಖಕರು ಅಲ್ಲಿ ನಿಜವಾಗಿಯೂ ಎಡವಿದ್ದಾರೆ, ಇಲ್ಲವೇ ನಿಮ್ಮ ಕಣ್ಣು ತಪ್ಪಿಸಿಕೊಂಡ ಯಾವುದೋ ಕೆಲಸ ಅಲ್ಲಿ ನಡೆಯುತ್ತಿದೆ. ಎರಡೂ ವಿಮರ್ಶೆಗೆ ಒಳ್ಳೆಯ ಸರಕು.

ಸಿದ್ಧ ಸಾರಾಂಶಗಳನ್ನು, ಗೈಡುಗಳನ್ನು ಈ ಪುಟ ಬರೆಯುವ ಮುಂಚೆ ಓದಲೇಬೇಡಿ. ಒಮ್ಮೆ ಓದಿದ ಮೇಲೆ ಯಾವುದು ನಿಮ್ಮ ಅನಿಸಿಕೆ, ಯಾವುದು ಅವರದು ಎಂದು ಬೇರ್ಪಡಿಸುವುದು ಕಷ್ಟ. ಆಮೇಲೆ ಓದಿ, ಅಡ್ಡಿಯಿಲ್ಲ. ನೀವು ಒಪ್ಪದ ಮಾತು ಅಲ್ಲಿ ಸಿಕ್ಕರಂತೂ ಇನ್ನೂ ಒಳ್ಳೆಯದು.

ಎರಡನೇ ಓದು: ಇಡೀ ಪುಸ್ತಕ ಬೇಕಿಲ್ಲ

ವಿಮರ್ಶೆಗೆ ಎರಡನೇ ಓದು ಬೇಕೇ ಬೇಕು. ಆದರೆ ಮೊದಲಿನಿಂದ ಕೊನೆಯವರೆಗೂ ಓದಬೇಕಾಗಿಲ್ಲ. ಮೊದಲ ಅಧ್ಯಾಯ, ಕೊನೆಯ ಅಧ್ಯಾಯ ಮತ್ತು ನಿಮ್ಮ ಕಚ್ಚಾ ಪುಟದಲ್ಲಿ ಗುರುತಿಸಿದ ಒಂದೆರಡು ಜಾಗ, ಇಷ್ಟನ್ನು ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿ. ಕೊನೆ ಗೊತ್ತಿರುವಾಗ ಆರಂಭ ಬೇರೆಯೇ ಆಗಿ ಕಾಣುತ್ತದೆ.

ಜಾನ್ ಸ್ಟೈನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ (1937) ತೆಗೆದುಕೊಳ್ಳಿ. ಲೆನ್ನಿ, ಜಾರ್ಜ್ ಎಂಬ ಇಬ್ಬರು ಅಲೆಮಾರಿ ಕೂಲಿಗಳ ಕಥೆ ಹೇಳುವ, ಆರೇ ಅಧ್ಯಾಯಗಳ ಪುಟ್ಟ ಕಾದಂಬರಿ. ಕ್ಯಾಲಿಫೋರ್ನಿಯಾದ ಸೊಲೆಡಾಡ್ ಬಳಿಯ ಒಂದು ಮಡುವಿನ ದಂಡೆಯಲ್ಲಿ ಶುರುವಾಗಿ ಅದೇ ಮಡುವಿನ ದಂಡೆಯಲ್ಲಿ ಮುಗಿಯುತ್ತದೆ. ಇದನ್ನು ತರಗತಿಯಲ್ಲಿ ಹೇಳಿರುತ್ತಾರೆ. ಎರಡೂ ಅಧ್ಯಾಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ ಕಾಣುವುದು ಇನ್ನೊಂದಿದೆ. ಮೊದಲ ಅಧ್ಯಾಯದಲ್ಲಿ ಒಂದು ನೀರುಹಾವು ತಲೆ ಎತ್ತಿಕೊಂಡು ಮಡುವಿನಲ್ಲಿ ಈಜಿಕೊಂಡು ಹೋಗುತ್ತದೆ. ಕೊನೆಯ ಅಧ್ಯಾಯದ ಆರಂಭದಲ್ಲಿಯೂ ಒಂದು ನೀರುಹಾವು ಹಾಗೆಯೇ ಈಜುತ್ತಾ ಬರುತ್ತದೆ, ಅಲುಗಾಡದೆ ನಿಂತ ಬಕಪಕ್ಷಿಯ ಕಾಲ ಬುಡಕ್ಕೆ. ಕೊಕ್ಕು ಒಮ್ಮೆಲೇ ಕೆಳಗಿಳಿದು ಹಾವಿನ ತಲೆ ಹಿಡಿದು ಎತ್ತುತ್ತದೆ. ಲೆನ್ನಿ ಇನ್ನೂ ಬಂದಿಲ್ಲ, ಜಾರ್ಜ್ ಬಂದಿಲ್ಲ. ಆದರೂ ಮುಂದೆ ಆಗಲಿರುವ ಸಾವು ಓದುಗರಿಗೆ ಗೊತ್ತಾಗಿಬಿಟ್ಟಿದೆ. ಮೊದಲ ಓದಿನಲ್ಲಿ ಇದು ಬರೀ ಪ್ರಕೃತಿ ವರ್ಣನೆಯಾಗಿ ಸರಿದುಹೋಗಿರುತ್ತದೆ. ಇಂಥ ಒಂದು ಜೋಡಿ ಸಿಕ್ಕರೆ ಅದರ ಸುತ್ತಲೇ ಇಡೀ ವಿಮರ್ಶೆ ಕಟ್ಟಬಹುದು.

ಓದುವಾಗ ಅಂಚಿನಲ್ಲಿ ‘ಚೆನ್ನಾಗಿದೆ’ ಎಂದು ಬರೆಯಬೇಡಿ. ಪುಟಸಂಖ್ಯೆ ಹಾಕಿ ಏನಾಯಿತು ಎಂದಷ್ಟೇ ಗುರುತು ಮಾಡಿ: ‘ಇಲ್ಲಿ ಮಾತು ನಿಲ್ಲುತ್ತದೆ’, ‘ಇದೇ ಪದ ಮತ್ತೆ ಬಂತು’, ‘ಇವಳಿಗೆ ಹೆಸರೇ ಕೊಟ್ಟಿಲ್ಲ’. ಸ್ಟೈನ್‌ಬೆಕ್ ಅವರ ಈ ಕಾದಂಬರಿಯಲ್ಲಿ ಫಾರ್ಮಿನ ಮಾಲೀಕನ ಮಗ ಕರ್ಲಿಯ ಹೆಂಡತಿಗೆ ಕೊನೆಯವರೆಗೂ ಹೆಸರಿಲ್ಲ. ಲೇಖಕರೇ ಆಕೆಯನ್ನು ಕಡೆಗಣಿಸಿದರೋ, ಆ ಫಾರ್ಮಿನ ಗಂಡಸರು ಆಕೆಯನ್ನು ಕಂಡ ರೀತಿಯನ್ನೇ ನಮ್ಮ ಮುಂದಿಟ್ಟರೋ? ಐದನೇ ಅಧ್ಯಾಯದಲ್ಲಿ ಆಕೆ ತನ್ನ ಕನಸುಗಳನ್ನು ಹೇಳಿಕೊಳ್ಳುವ ಭಾಗವನ್ನು ಮತ್ತೆ ಓದಿ, ಒಂದು ನಿಲುವಿಗೆ ಬನ್ನಿ. ಎರಡೂ ಕಡೆಗೆ ವಾದ ಹೂಡಬಹುದು. ಯಾವುದಾದರೂ ಒಂದನ್ನು ಹಿಡಿದು ಪಠ್ಯದಿಂದ ಸಮರ್ಥಿಸಿದರೆ ಸಾಕು.

ಕಾದಂಬರಿಯಾದರೆ: ಯಾರು ಹೇಳುತ್ತಿದ್ದಾರೆ?

ಕಾದಂಬರಿಯ ವಿಮರ್ಶೆಯಲ್ಲಿ ನಾನು ಎಲ್ಲಕ್ಕಿಂತ ಮೊದಲು ಹುಡುಕುವುದು ನಿರೂಪಣೆಯ ಬಗೆಗಿನ ಮಾತನ್ನು. ಅದಿಲ್ಲದಿದ್ದರೆ ಬರೆದವರು ಕಥೆಯನ್ನಷ್ಟೇ ಓದಿದ್ದಾರೆ ಎಂದು ತಿಳಿಯುತ್ತೇನೆ.

ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿಯನ್ನು ಹೇಳುವವಳು ಸ್ಕೌಟ್. ದೊಡ್ಡವಳಾದ ಮೇಲೆ ಬಾಲ್ಯವನ್ನು ನೆನೆಸಿಕೊಂಡು ಹೇಳುತ್ತಾಳೆ, ಆದರೆ ಬಹುಪಾಲು ಆ ಪುಟ್ಟ ಹುಡುಗಿಗೆ ಕಂಡಷ್ಟನ್ನೇ ಹೇಳುತ್ತಾಳೆ. 15ನೇ ಅಧ್ಯಾಯದಲ್ಲಿ ಜೈಲಿನ ಮುಂದೆ ಗುಂಪು ಸೇರುತ್ತದೆ. ಸುಳ್ಳು ಆರೋಪದ ಮೇಲೆ ಒಳಗಿರುವ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್‌ನನ್ನು ಎಳೆದೊಯ್ಯಲು ಬಂದವರು ಅವರು. ಸ್ಕೌಟ್‌ಗೆ ಅದು ತಿಳಿಯದು. ಗುಂಪಿನಲ್ಲಿ ತನ್ನ ಸಹಪಾಠಿಯ ತಂದೆ ಕನಿಂಗ್‌ಹ್ಯಾಮ್‌ನನ್ನು ಕಂಡು, ಮಗ ಹೇಗಿದ್ದಾನೆ, ನಿಮ್ಮ ಜಮೀನಿನ ವ್ಯಾಜ್ಯ ಏನಾಯಿತು ಎಂದು ಮಾತಿಗೆಳೆಯುತ್ತಾಳೆ. ಆತ ಕುಕ್ಕರಿಸಿ ಕೂತು ಆಕೆಯ ಭುಜ ಹಿಡಿದು ಮಾತಾಡುತ್ತಾನೆ, ಆಮೇಲೆ ಗುಂಪು ಚದುರುತ್ತದೆ. ತಾನು ಏನು ಮಾಡಿದೆ ಎಂದು ಆಕೆಗೆ ಆಗ ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದೆ. ದೃಶ್ಯದ ಶಕ್ತಿಯೆಲ್ಲ ಇರುವುದು ಈ ಅಂತರದಲ್ಲಿ. ಇದೇ ದೃಶ್ಯವನ್ನು ತಂದೆ ಆಟಿಕಸ್ ಹೇಳಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ ನೋಡಿ, ವಿಮರ್ಶೆಗೆ ಒಂದು ಒಳ್ಳೆಯ ಪ್ಯಾರಾ ಸಿಗುತ್ತದೆ.

ಇದೇ ಆಯ್ಕೆಗೆ ಒಂದು ಬೆಲೆಯೂ ಇದೆ, ಅದನ್ನೂ ಹೇಳಬೇಕು. ಸ್ಕೌಟ್ ಕಂಡಷ್ಟೇ ನಮಗೂ ಕಾಣುವುದರಿಂದ ಟಾಮ್ ರಾಬಿನ್ಸನ್ ಏನು ಯೋಚಿಸುತ್ತಿದ್ದ, ಅವನ ಮನೆಯಲ್ಲಿ ಆ ದಿನಗಳು ಹೇಗೆ ಕಳೆದವು ಎಂಬುದು ನಮಗೆ ಹೆಚ್ಚೇನೂ ಸಿಗುವುದಿಲ್ಲ. ಅನ್ಯಾಯಕ್ಕೆ ಗುರಿಯಾದವನನ್ನೇ ಹೊರಗಿನಿಂದ ಮಾತ್ರ ನೋಡುವ ಕಾದಂಬರಿ ಇದು. ಮೆಚ್ಚುಗೆ ಮತ್ತು ಆಕ್ಷೇಪ ಎರಡೂ ಒಂದೇ ಬೇರಿನಿಂದ ಬಂದಾಗ ವಿಮರ್ಶೆಗೆ ತೂಕ ಬರುತ್ತದೆ. ‘ಗುಣಗಳು’ ಎಂದೊಂದು ಪ್ಯಾರಾ, ‘ದೋಷಗಳು’ ಎಂದೊಂದು ಪ್ಯಾರಾ ಬರೆಯುವ ಅಭ್ಯಾಸ ಇದ್ದರೆ ಬಿಡಿ.

ನಿರೂಪಕನನ್ನು ನಂಬಬೇಕೇ ಎಂಬುದು ಮುಂದಿನ ಪ್ರಶ್ನೆ. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅವರ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ (1925) ಕಾದಂಬರಿಯ ನಿಕ್ ಮೊದಲ ಪುಟದಲ್ಲೇ, ತಾನು ಯಾರ ಬಗ್ಗೆಯೂ ಅವಸರದ ತೀರ್ಪು ಕೊಡುವವನಲ್ಲ ಎಂಬರ್ಥದ ಮಾತಾಡುತ್ತಾನೆ. ಕೆಲವೇ ಪುಟಗಳ ನಂತರ ಟಾಮ್ ಬ್ಯುಕ್ಯಾನನ್‌ನನ್ನು ವರ್ಣಿಸುವಾಗ ಅವನ ದೇಹವನ್ನೇ ಕ್ರೂರ ಎನ್ನುತ್ತಾನೆ. ಹೇಳಿದ ಮಾತಿಗೂ ಮಾಡುವ ಕೆಲಸಕ್ಕೂ ನಡುವೆ ಇಂಥ ಬಿರುಕು ಕಂಡಲ್ಲಿ ಗೆರೆ ಎಳೆಯಿರಿ. ಕಾದಂಬರಿ ಮುಗಿಯುವವರೆಗೂ ಆ ಬಿರುಕು ಏನಾಗುತ್ತದೆ ಎಂದು ಹಿಂಬಾಲಿಸಿ.

ನಾಟಕವಾದರೆ: ರಂಗದ ಮೇಲೆ ಯಾರಿದ್ದಾರೆ?

ನಾಟಕವನ್ನು ಕಾದಂಬರಿಯ ಹಾಗೆ ಓದಿ ವಿಮರ್ಶಿಸುವುದು ತರಗತಿಗಳಲ್ಲಿ ತುಂಬಾ ನಡೆಯುತ್ತದೆ, ಅದರಿಂದ ನಾಟಕಕ್ಕೆ ಅನ್ಯಾಯವಾಗುತ್ತದೆ. ಪಾತ್ರಗಳ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆದವರು ಆ ಪಾತ್ರ ಬಾಗಿಲ ಬಳಿ ನಿಂತಿದೆಯೋ ಕುರ್ಚಿಯಲ್ಲಿ ಕೂತಿದೆಯೋ ಎಂದು ಕೇಳುವುದೇ ಇಲ್ಲ. ನಾಟಕದಲ್ಲಿ ನಿರೂಪಕನ ಜಾಗದಲ್ಲಿ ರಂಗ ಇರುತ್ತದೆ. ಬೆಳಕು, ಗೋಡೆ, ಬಾಗಿಲು, ಮೌನ ಎಲ್ಲವೂ ಮಾತಾಡುತ್ತವೆ.

ಒಂದು ದೃಶ್ಯ ಆರಿಸಿಕೊಂಡು ಗಟ್ಟಿಯಾಗಿ ಓದಿ. ಜೊತೆಗೆ ಇಬ್ಬರು ಸ್ನೇಹಿತರು ಸಿಕ್ಕರೆ ಪಾತ್ರ ಹಂಚಿಕೊಳ್ಳಿ. ಒಂದು ಹಾಳೆಯಲ್ಲಿ ರಂಗದ ನಕ್ಷೆ ಬರೆದು, ಆ ಹೊತ್ತಿನಲ್ಲಿ ಯಾರ್‍ಯಾರು ಅಲ್ಲಿದ್ದಾರೆ ಎಂದು ಗುರುತು ಹಾಕಿ. ಮಾತಾಡದೆ ನಿಂತ ಪಾತ್ರದ ಮೇಲೆ ಕಣ್ಣಿಡಿ. ಓದುವಾಗ ಅದು ನಮಗೆ ಮರೆತೇ ಹೋಗಿರುತ್ತದೆ. ಪ್ರೇಕ್ಷಕರಿಗೆ ಅದು ಕಣ್ಣೆದುರೇ ಇರುತ್ತದೆ.

ರಂಗಸೂಚನೆಗಳನ್ನು ಹಾರಿಸಬೇಡಿ. ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ (1949) ನಾಟಕದ ಆರಂಭದಲ್ಲಿ ಒಂದು ಸೂಚನೆಯಿದೆ: ಕಥೆ ವರ್ತಮಾನದಲ್ಲಿ ನಡೆಯುವಾಗ ನಟರು ಮನೆಯ ಕಾಲ್ಪನಿಕ ಗೋಡೆಗಳನ್ನು ಪಾಲಿಸಬೇಕು, ಬಾಗಿಲಿನಿಂದಲೇ ಒಳಬರಬೇಕು, ಹಿಂದಿನ ದಿನಗಳ ದೃಶ್ಯಗಳಲ್ಲಿ ಗೋಡೆ ದಾಟಿಯೇ ನಡೆಯಬಹುದು. ನೆನಪಿಗೆ ಗೋಡೆಯಿಲ್ಲ ಎಂಬುದನ್ನು ಮಿಲ್ಲರ್ ಒಂದು ಸಂಭಾಷಣೆಯೂ ಇಲ್ಲದೆ ತೋರಿಸಿಬಿಟ್ಟಿದ್ದಾರೆ. ಜೆ. ಬಿ. ಪ್ರೀಸ್ಟ್ಲಿ ಅವರ ‘ಆನ್ ಇನ್‌ಸ್ಪೆಕ್ಟರ್ ಕಾಲ್ಸ್’ ನಾಟಕದಲ್ಲಿ ಇನ್‌ಸ್ಪೆಕ್ಟರ್ ಬರುವವರೆಗೂ ಬೆಳಕು ಗುಲಾಬಿಯಾಗಿ, ಆಪ್ತವಾಗಿರಬೇಕು, ಬಂದ ಮೇಲೆ ಪ್ರಖರವಾಗಿ, ಕಟುವಾಗಿರಬೇಕು ಎಂದಿದೆ. ಒಂದೇ ಸಾಲಿನ ಸೂಚನೆ ಇಡೀ ನಾಟಕದ ನಿಲುವನ್ನು ಹೇಳುತ್ತದೆ.

ಇದೇ ನಾಟಕದ ಇನ್ನೊಂದು ಆಯ್ಕೆ ಕಾಲಕ್ಕೆ ಸಂಬಂಧಿಸಿದ್ದು. ಕಥೆ ನಡೆಯುವುದು 1912ರಲ್ಲಿ, ನಾಟಕ ಮೊದಲು ರಂಗಕ್ಕೆ ಬಂದದ್ದು 1945ರಲ್ಲಿ. ಯುದ್ಧ ಆಗುವುದೇ ಇಲ್ಲ, ಟೈಟಾನಿಕ್ ಮುಳುಗುವುದೇ ಇಲ್ಲ ಎಂದು ಮನೆಯ ಯಜಮಾನ ಬರ್ಲಿಂಗ್ ಎದೆಯುಬ್ಬಿಸಿ ಹೇಳುವಾಗ ಎರಡು ಮಹಾಯುದ್ಧಗಳನ್ನು ಕಂಡ ಪ್ರೇಕ್ಷಕರು ಎದುರಿಗೆ ಕೂತಿದ್ದಾರೆ. ಆತ ಮುಂದೆ ಏನು ಹೇಳಿದರೂ ಅವರು ನಂಬುವುದಿಲ್ಲ. ಇದು ಸ್ವಲ್ಪ ಸುಲಭದ ತಂತ್ರ ಎಂದೇ ನನಗನಿಸುತ್ತದೆ. ಆತನನ್ನು ತೀರಾ ಬೇಗ ಸೋಲಿಸಿಬಿಡುತ್ತದೆ. ನಿಮಗೆ ಬೇರೆ ಅನಿಸಿದರೆ ಅದನ್ನೇ ವಾದವಾಗಿಸಿ.

ಷೇಕ್ಸ್‌ಪಿಯರ್ ನಾಟಕವಾದರೆ ‘ಭಾಷೆ ಕಷ್ಟ’ ಎಂದು ಬರೆದು ಮುಂದೆ ಹೋಗಬೇಡಿ. ಎಲ್ಲ ಪದಗಳ ಅರ್ಥ ಗೊತ್ತಿರಬೇಕಾಗಿಯೂ ಇಲ್ಲ. ಪದ್ಯ ಎಲ್ಲಿ ಗದ್ಯವಾಗುತ್ತದೆ ಎಂದು ಮಾತ್ರ ನೋಡಿ, ಪುಟದ ಮೇಲೆ ಸಾಲುಗಳ ಆಕಾರದಲ್ಲೇ ಅದು ಕಾಣುತ್ತದೆ. ‘ಮ್ಯಾಕ್‌ಬೆತ್’ ನಾಟಕದಲ್ಲಿ ಮ್ಯಾಕ್‌ಬೆತ್ ರಾಜನನ್ನು ಕೊಂದ ರಾತ್ರಿ, ಎರಡನೇ ಅಂಕದಲ್ಲಿ, ಸ್ವಲ್ಪ ನೀರು ಸಾಕು ಕೈ ತೊಳೆಯಲು ಎನ್ನುವ ಲೇಡಿ ಮ್ಯಾಕ್‌ಬೆತ್ ಪದ್ಯದಲ್ಲಿ ಮಾತಾಡುತ್ತಾಳೆ. ಐದನೇ ಅಂಕದ ಮೊದಲ ದೃಶ್ಯದಲ್ಲಿ ನಿದ್ದೆಯಲ್ಲಿ ನಡೆಯುತ್ತಾ ಅದೇ ಕೈಗಳನ್ನು ಉಜ್ಜಿಕೊಳ್ಳುವಾಗ ಅವಳ ಮಾತು ಗದ್ಯ. ಚೂರುಚೂರಾದ, ಒಂದಕ್ಕೊಂದು ಹೊಂದದ ವಾಕ್ಯಗಳು. ಗಟ್ಟಿಯಾಗಿ ಓದಿದರೆ ಲಯ ಮುರಿದಿರುವುದು ಕಿವಿಗೇ ಗೊತ್ತಾಗುತ್ತದೆ. ‘ಪಶ್ಚಾತ್ತಾಪ ಈ ನಾಟಕದ ವಸ್ತು’ ಎಂದು ಬರೆಯುವುದಕ್ಕಿಂತ ಈ ಎರಡು ದೃಶ್ಯಗಳನ್ನು ಎದುರುಬದುರು ಇಡುವುದು ಎಷ್ಟೋ ಮೇಲು.

ತೆರೆಯ ಹಿಂದೆ ನಡೆಯುವುದೇನು ಎಂಬುದನ್ನೂ ಪಟ್ಟಿ ಮಾಡಿ. ರಾಜ ಡಂಕನ್‌ನ ಕೊಲೆ ನಮಗೆ ಕಾಣುವುದಿಲ್ಲ. ನಮಗೆ ಕಾಣುವುದು ರಕ್ತ ಹತ್ತಿದ ಕೈ, ಕೇಳುವುದು ಪಿಸುಮಾತು, ಬಾಗಿಲು ಬಡಿಯುವ ಸದ್ದು. ಆದರೆ ನಾಲ್ಕನೇ ಅಂಕದಲ್ಲಿ ಮ್ಯಾಕ್‌ಬೆತ್‌ನ ವಿರೋಧಿ ಮ್ಯಾಕ್‌ಡಫ್‌ನ ಪುಟ್ಟ ಮಗನನ್ನು ರಂಗದ ಮೇಲೆಯೇ, ತಾಯಿಯ ಎದುರೇ ಕೊಲ್ಲುತ್ತಾರೆ. ರಾಜನ ಕೊಲೆಯನ್ನು ಮರೆಮಾಡಿದ ನಾಟಕಕಾರ ಮಗುವಿನ ಕೊಲೆಯನ್ನು ಏಕೆ ಕಣ್ಣೆದುರಿಗಿಟ್ಟ? ಮೊದಲನೆಯದರಲ್ಲಿ ನಮ್ಮ ಗಮನ ಕೊಂದವರ ಮನಸ್ಸಿನ ಮೇಲಿರುತ್ತದೆ, ಎರಡನೆಯದರಲ್ಲಿ ಸಾಯುವವರ ಮೇಲೆ. ಅಲ್ಲಿಂದ ಮುಂದೆ ಮ್ಯಾಕ್‌ಬೆತ್‌ನ ಬಗ್ಗೆ ಉಳಿದಿದ್ದ ಅನುಕಂಪ ಕರಗುತ್ತಾ ಹೋಗುತ್ತದೆ. ನನ್ನ ಉತ್ತರ ಇದು.

ಪ್ರದರ್ಶನವನ್ನೋ ಸಿನಿಮಾ ರೂಪವನ್ನೋ ನೋಡಿದ್ದರೆ ಒಂದೇ ದೃಶ್ಯವನ್ನು ಹೋಲಿಸಿ. ಮೂರನೇ ಅಂಕದ ಔತಣದ ದೃಶ್ಯ ಇದಕ್ಕೆ ತಕ್ಕದ್ದು. ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಪ್ರವೇಶಿಸಿ ಮ್ಯಾಕ್‌ಬೆತ್‌ನ ಆಸನದಲ್ಲಿ ಕೂರುತ್ತದೆ ಎಂಬ ಸೂಚನೆ 1623ರ ಫೋಲಿಯೋದಲ್ಲೇ (ಷೇಕ್ಸ್‌ಪಿಯರ್ ನಾಟಕಗಳ ಹಳೆಯ ಮುದ್ರಿತ ಸಂಪುಟ) ಇದೆ. ಆದರೂ ಕೆಲವು ನಿರ್ದೇಶಕರು ಖಾಲಿ ಕುರ್ಚಿಯನ್ನಷ್ಟೇ ತೋರಿಸುತ್ತಾರೆ. ಪ್ರೇತ ಕಂಡರೆ ನಾವು ಮ್ಯಾಕ್‌ಬೆತ್‌ನ ಜೊತೆಗಿರುತ್ತೇವೆ; ಖಾಲಿ ಕುರ್ಚಿಯಾದರೆ ಗಾಬರಿಗೊಂಡ ಅತಿಥಿಗಳ ಜೊತೆ ಕೂತಿರುತ್ತೇವೆ. ಆ ನಿರ್ಧಾರ ನಿರ್ದೇಶಕರದು ಎಂದು ವಿಮರ್ಶೆಯಲ್ಲಿ ಸ್ಪಷ್ಟವಾಗಿ ಹೇಳಿ, ನಾಟಕಕಾರನ ಲೆಕ್ಕಕ್ಕೆ ಹಾಕಬೇಡಿ.

ಹಿನ್ನೆಲೆ ಎಷ್ಟು ಬೇಕು

ಲೇಖಕರ ಹುಟ್ಟಿದ ಊರು, ಓದಿದ ಶಾಲೆ, ಪಡೆದ ಪ್ರಶಸ್ತಿಗಳ ಪ್ಯಾರಾ ತೆಗೆದುಹಾಕಿ. ಒಂದು ದೃಶ್ಯವನ್ನು ನಾವು ನೋಡುವ ರೀತಿಯನ್ನೇ ಬದಲಿಸುವ ಸಂಗತಿಯಿದ್ದರೆ ಮಾತ್ರ ಉಳಿಸಿ. ಮಿಲ್ಲರ್ ಅವರ ‘ದಿ ಕ್ರೂಸಿಬಲ್’ (1953) 1692ರ ಸೇಲಂ ಮಾಟಗಾತಿ ವಿಚಾರಣೆಗಳ ಕಥೆ, ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ವರ್ಷಗಳಲ್ಲಿ ಬರೆದದ್ದು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಬೇರೆ. ಮಾಟದ ಆರೋಪ ಹೊರಿಸುವ ಅಬಿಗೇಲ್ ಇತಿಹಾಸದಲ್ಲಿ ಆಗ ಹನ್ನೊಂದು ಹನ್ನೆರಡರ ಹುಡುಗಿ, ನಾಟಕದ ನಾಯಕ ಜಾನ್ ಪ್ರಾಕ್ಟರ್ ಅರವತ್ತರ ಆಸುಪಾಸಿನವನು. ಮಿಲ್ಲರ್ ಅವಳನ್ನು ಹದಿನೇಳಕ್ಕೆ ಏರಿಸಿ, ಅವನನ್ನು ಮೂವತ್ತರ ಹರೆಯಕ್ಕೆ ಇಳಿಸಿ, ಇಬ್ಬರ ನಡುವೆ ಸಂಬಂಧ ಹೆಣೆದರು. ಅದರಿಂದ ಇಡೀ ಊರಿನ ಹುಚ್ಚಿಗೆ ಒಬ್ಬ ಹುಡುಗಿಯ ಸೇಡು ಕಾರಣವಾಗಿ ನಿಂತಿತು. ನಾಟಕ ಬಿಗಿಯಾಯಿತು, ಜೊತೆಗೆ ಭಯದ ರಾಜಕಾರಣದ ಹೊಣೆ ಸ್ವಲ್ಪ ಅವಳ ಹೆಗಲಿಗೆ ಜಾರಿತು. ಇಂಥ ಹಿನ್ನೆಲೆ ವಿಮರ್ಶೆಗೆ ಬೇಕು.

ಸಂಕೇತ, ತಪ್ಪು, ತೀರ್ಪು

ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡ ಹುಡುಗರ ಕಥೆಯಾದ, ವಿಲಿಯಂ ಗೋಲ್ಡಿಂಗ್ ಅವರ ‘ಲಾರ್ಡ್ ಆಫ್ ದ ಫ್ಲೈಸ್’ (1954) ಬಗ್ಗೆ ಬರುವ ಬರಹಗಳಲ್ಲಿ ಈ ಸಾಲು ತಪ್ಪದೆ ಇರುತ್ತದೆ: ‘ಶಂಖವು ನಾಗರಿಕತೆಯ ಸಂಕೇತ. ಅದು ಒಡೆದಾಗ ನಾಗರಿಕತೆ ನಾಶವಾಗುತ್ತದೆ.’ ತಪ್ಪೇನಿಲ್ಲ, ಆದರೆ ಪುಸ್ತಕ ತೆರೆಯದೆಯೂ ಬರೆಯಬಹುದಾದ ಸಾಲು. ಅದರ ಬದಲಿಗೆ ಆ ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು, ಯಾವಾಗ ಕೆಲಸ ಮಾಡಿತು, ಯಾವಾಗ ಮಾಡಲಿಲ್ಲ ಎಂದು ಅಧ್ಯಾಯದಿಂದ ಅಧ್ಯಾಯಕ್ಕೆ ಹಿಂಬಾಲಿಸಿ. ಆಗ ಪ್ಯಾರಾ ಹೀಗಾಗಬಹುದು:

‘5ನೇ ಅಧ್ಯಾಯದ ಕೊನೆಯಲ್ಲಿ ಸಭೆ ಚದುರಿದಾಗ ಶಂಖ ಊದು ಎಂದು ಪಿಗ್ಗಿ ಗೋಗರೆಯುತ್ತಾನೆ. ರಾಲ್ಫ್ ಊದುವುದಿಲ್ಲ. ಊದಿಯೂ ಯಾರೂ ಬಾರದೆ ಹೋದರೆ ಎಲ್ಲ ಮುಗಿದಂತೆ ಎಂಬ ಭಯ ಅವನದು. ಶಂಖ ಒಡೆಯುವುದು 11ನೇ ಅಧ್ಯಾಯದಲ್ಲಿ. ಆದರೆ ಅದರ ಅಧಿಕಾರವನ್ನು ಪರೀಕ್ಷಿಸಲು ನಾಯಕನೇ ಹೆದರಿದ ಈ ಸಂಜೆಯೇ ಅದು ಬರೀ ಚಿಪ್ಪಾಗಿದೆ. ಗೋಲ್ಡಿಂಗ್ ಕುಸಿತವನ್ನು ಸದ್ದಿನಿಂದಲ್ಲ, ಊದದೆ ಉಳಿದ ಮೌನದಿಂದ ತೋರಿಸುತ್ತಾರೆ.’

ಎರಡನೆಯದರಲ್ಲಿ ಅಧ್ಯಾಯ ಇದೆ, ಘಟನೆ ಇದೆ, ಬರೆದವರ ಸ್ವಂತ ಮಾತು ಇದೆ. ಓದುಗರು ಪುಸ್ತಕ ತೆರೆದು ನೋಡಿ ಒಪ್ಪಬಹುದು, ಜಗಳವನ್ನೂ ಆಡಬಹುದು.

ಇದೇ ಕಾದಂಬರಿಯಲ್ಲಿ ಪ್ರಸಿದ್ಧವಾದ ಒಂದು ತಪ್ಪೂ ಇದೆ. ಪಿಗ್ಗಿಗೆ ಸಮೀಪದೃಷ್ಟಿ. ಅಂಥವರ ಕನ್ನಡಕದ್ದು ನಿಮ್ನ ಮಸೂರ, ಅದು ಬೆಳಕನ್ನು ಹರಡುತ್ತದೆ. ಬಿಸಿಲನ್ನು ಒಂದೆಡೆ ಸೇರಿಸಿ ಬೆಂಕಿ ಹೊತ್ತಿಸಲಾರದು. ಆದರೆ ಹುಡುಗರ ಬೆಂಕಿಯೆಲ್ಲ ಹೊತ್ತಿದ್ದು ಅದೇ ಕನ್ನಡಕದಿಂದ. ಇದನ್ನು ಹಿಡಿದುಕೊಂಡು ಕಾದಂಬರಿಯನ್ನೇ ತಳ್ಳಿಹಾಕುವುದು ಅತಿಯಾಯಿತು. ಗಮನಿಸದೆ ಬಿಡುವುದೂ ಸರಿಯಲ್ಲ, ಏಕೆಂದರೆ ಯಾರಿಗೆ ಕನ್ನಡಕ ಸಿಕ್ಕಿತೋ ಅವರಿಗೆ ಬೆಂಕಿ, ಬೆಂಕಿಯಿದ್ದವರಿಗೆ ಅಧಿಕಾರ ಎಂಬ ತರ್ಕದ ಮೇಲೆಯೇ ಕಥೆ ನಿಂತಿದೆ. ತಪ್ಪು ಕಂಡಾಗ ಕೇಳಬೇಕಾದ್ದು ಒಂದೇ: ಇದನ್ನು ಸರಿಪಡಿಸಿದರೆ ಕೃತಿಯಲ್ಲಿ ಏನು ಬೀಳುತ್ತದೆ? ಪಿಗ್ಗಿಯನ್ನು ದೂರದೃಷ್ಟಿಯವನನ್ನಾಗಿ ಮಾಡಿದರೆ ಏನೂ ಬೀಳುವುದಿಲ್ಲ. ಹಾಗಾಗಿ ಇದು ಒಂದು ವಾಕ್ಯಕ್ಕೆ ಸಾಕಾಗುವ ತಪ್ಪು.

ಬರೆಯುವಾಗ

ಮೊದಲ ಪ್ಯಾರಾದಲ್ಲೇ ನಿಮ್ಮ ನಿಲುವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಕೃತಿಯ ಹೆಸರು, ಲೇಖಕರು, ವರ್ಷ ಅದರೊಳಗೇ ಸೇರಿಕೊಳ್ಳಲಿ. ಕಥಾಸಾರ ಐದಾರು ವಾಕ್ಯ ಮೀರದಿರಲಿ. 800 ಪದಗಳ ವಿಮರ್ಶೆಯಲ್ಲಿ ಅದಕ್ಕೆ 100 ಪದ ಧಾರಾಳವಾಯಿತು. ಅಂತ್ಯವನ್ನು ಹೇಳಬೇಕೇ ಎಂಬುದು ಯಾರಿಗೆ ಬರೆಯುತ್ತಿದ್ದೀರಿ ಎಂಬುದರ ಮೇಲಿದೆ. ತರಗತಿಯವರಿಗಾದರೆ ಹೇಳಿ, ಹೊಸಬರಿಗಾದರೆ ಮುಚ್ಚಿಡಿ.

ನಡುವಿನಲ್ಲಿ ಮೂರು ದೃಶ್ಯಗಳಿಗಿಂತ ಹೆಚ್ಚು ಬೇಡ. ಎರಡನ್ನು ಆಳವಾಗಿ ನೋಡಿದರೂ ಸಾಕು. ಉಲ್ಲೇಖ ಚಿಕ್ಕದಾಗಿರಲಿ, ಅದರ ಬೆನ್ನಿಗೇ ಆ ಪದಗಳು ಏನು ಮಾಡುತ್ತಿವೆ ಎಂಬ ನಿಮ್ಮ ಮಾತು ಬರಲಿ. ಪಾತ್ರದ ನಡತೆಯನ್ನು ಬಯ್ಯುವುದಕ್ಕೂ ಬರವಣಿಗೆಯನ್ನು ಬಯ್ಯುವುದಕ್ಕೂ ಇರುವ ವ್ಯತ್ಯಾಸ ಮರೆಯಬೇಡಿ. ಕೆಟ್ಟ ಮನುಷ್ಯನನ್ನು ಚೆನ್ನಾಗಿ ಬರೆದಿರಬಹುದು.

ಮುಗಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ‘ಅದ್ಭುತ’, ‘ಮನಮುಟ್ಟುವ’, ‘ಅರ್ಥಪೂರ್ಣ’ ಎಂಬ ಪದ ಬಂದಲ್ಲೆಲ್ಲ ಅದನ್ನು ಹೊಡೆದು, ಹಾಗೆ ಅನಿಸಿದ ಜಾಗವನ್ನು ಬರೆಯಿರಿ. ಪಾತ್ರಗಳ ಹೆಸರು, ಅಂಕ ಮತ್ತು ದೃಶ್ಯದ ಸಂಖ್ಯೆ, ಅಧ್ಯಾಯದ ಸಂಖ್ಯೆಗಳನ್ನು ಪುಸ್ತಕದ ಜೊತೆ ಇಟ್ಟು ತಾಳೆ ನೋಡಿ. ಆಮೇಲೆ ಕೃತಿಯನ್ನು ಓದದ ಒಬ್ಬರಿಗೆ ಕೊಟ್ಟು, ಇದರಿಂದ ನಿಮಗೆ ಯಾವ ದೃಶ್ಯ ಕಣ್ಣಿಗೆ ಕಟ್ಟಿತು ಎಂದು ಕೇಳಿ. ಅವರು ಕಥೆಯನ್ನಷ್ಟೇ ಹೇಳಿದರೆ ಸಾರಾಂಶವನ್ನು ಅರ್ಧಕ್ಕೆ ಇಳಿಸಿ, ನಿಮಗೆ ಮುಖ್ಯವಾದ ದೃಶ್ಯಕ್ಕೆ ಮರಳಿ ಇನ್ನೊಂದು ಪ್ಯಾರಾ ಬರೆಯಿರಿ.